ಸ್ಯಾಮ್ ಡಾಯ್ಲ್ ಚಿತ್ರ ಬರೆದ ದ್ವೀಪದಲ್ಲಿ

ಗುರುವಾರ

ಸೇಂಟ್ ಹೆಲೆನಾ ಎಂಬುದು ಅಮೆರಿಕದ ಸೌತ್ ಕ್ಯಾರೊಲೈನಾ ರಾಜ್ಯದ ಕರಾವಳಿಯಲ್ಲಿರುವ ಒಂದು ದ್ವೀಪ. ಅಲ್ಲಿ ಸ್ಯಾಮ್ ಡಾಯ್ಲ್ ಅಂತ ಒಬ್ಬರಿದ್ದರು. ಹುಟ್ಟಿದ್ದು 1906ರಲ್ಲಿ, ತೀರಿಕೊಂಡದ್ದು 1985ರಲ್ಲಿ. ಚಾವಣಿಯಿಂದ ಕಿತ್ತ ಹಳೇ ತಗಡು, ಪ್ಲೈವುಡ್ ತುಂಡು, ಮನೆಗೆ ಬಳಿಯುವ ಪೇಂಟು. ಇಷ್ಟನ್ನೇ ಇಟ್ಟುಕೊಂಡು ತಮ್ಮ ಊರಿನವರ ಚಿತ್ರ ಬರೆದು, ರಸ್ತೆಗೆ ಕಾಣುವ ಹಾಗೆ ಅಂಗಳದಲ್ಲಿ ನಿಲ್ಲಿಸುತ್ತಿದ್ದರು. ಆ ಊರು ನೋಡಬೇಕು ಅಂತಲೇ ನಾವು ಹೊರಟದ್ದು. ನಾವು ಅಂದರೆ ನಾನು, ಅಟ್ಲಾಂಟಾದಲ್ಲಿ ಕೆಲಸದಲ್ಲಿರುವ ನನ್ನ ತಮ್ಮ. ಕಾರು ಅವನದು, ಚಾಲಕನೂ ಅವನೇ.

ಅಟ್ಲಾಂಟಾದಿಂದ ಚಾರ್ಲ್‌ಸ್ಟನ್‌ಗೆ ಸುಮಾರು 480 ಕಿಲೋಮೀಟರ್. ದಾರಿಯುದ್ದಕ್ಕೂ ಪೈನ್ ಮರ, ಮತ್ತೆ ಪೈನ್ ಮರ. ಹೇಳುವಂಥದ್ದು ಏನೂ ಇಲ್ಲ.

ಚಾರ್ಲ್‌ಸ್ಟನ್‌ನ ಸಿಟಿ ಮಾರ್ಕೆಟ್ ತಲುಪಿದಾಗ ಮಧ್ಯಾಹ್ನ ದಾಟಿತ್ತು. ಮಾರ್ಕೆಟ್ಟಿನ ಅಂಚಿನಲ್ಲಿ ಹೆಂಗಸರು ಮಡಚುವ ಕುರ್ಚಿ ಹಾಕಿಕೊಂಡು ಬುಟ್ಟಿ ಹೆಣೆಯುತ್ತಾ ಕುಳಿತಿದ್ದರು. ಸ್ವೀಟ್‌ಗ್ರಾಸ್ ಅಂತ ಒಂದು ಹುಲ್ಲು, ಜೊತೆಗೆ ಜೊಂಡು, ಪೈನ್ ಮರದ ಉದ್ದನೆ ಸೂಜಿ ಎಲೆ. ಇವನ್ನೆಲ್ಲ ಒಟ್ಟು ಸೇರಿಸಿ ಬೆರಳು ಗಾತ್ರದ ಸುರುಳಿ ಮಾಡುತ್ತಾರೆ. ಪಾಲ್ಮೆಟೊ ತಾಳೆಯ ಎಲೆ ಸೀಳಿ, ಅದನ್ನೇ ದಾರ ಮಾಡಿಕೊಂಡು ಸುತ್ತಿನ ಮೇಲೆ ಸುತ್ತು ಹೊಲಿಯುತ್ತಾ ಹೋಗುತ್ತಾರೆ. ನಾನು ಒಬ್ಬ ಅಜ್ಜಿಯ ಕೈಯನ್ನೇ ನೋಡುತ್ತಾ ನಿಂತೆ. ಅವರ ಕೈಯಲ್ಲಿದ್ದದ್ದು ಸೂಜಿ ಅಲ್ಲ. ಬಟ್ಟಲು ಮುರಿದು ತೆಗೆದ ಚಮಚದ ಹಿಡಿ. ಅದರ ತುದಿಯನ್ನು ಅರದಲ್ಲಿ ಉಜ್ಜಿ ಚಪ್ಪಟೆ ಮಾಡಿಕೊಂಡಿದ್ದರು. ಅದನ್ನು ಸುತ್ತಿನೊಳಗೆ ಚುಚ್ಚಿ ಸಂದು ಮಾಡುವುದು, ಎಲೆ ತೂರಿಸುವುದು, ಹಲ್ಲು ಕಚ್ಚಿ ಬಿಗಿ ಎಳೆಯುವುದು. ಕಣ್ಣು ನಮ್ಮ ಮೇಲೆ, ಮಾತು ಪಕ್ಕದವಳ ಜೊತೆ, ಕೈ ಅದರ ಪಾಡಿಗೆ ಅದು. ದೊಡ್ಡ ಬುಟ್ಟಿಗೆ ನೂರಾರು ಡಾಲರ್. ಹೆಣೆಯುವುದನ್ನು ಹತ್ತು ನಿಮಿಷ ನಿಂತು ನೋಡಿದವರು ಯಾರೂ ಅದು ಜಾಸ್ತಿ ಆಯಿತು ಅನ್ನಲಾರರು.

ಈ ಬುಟ್ಟಿಯ ಮೂಲ ಭತ್ತದ ಗದ್ದೆ. ಈ ಕರಾವಳಿಯ ದೊಡ್ಡ ದೊಡ್ಡ ಜಮೀನ್ದಾರರು ಶ್ರೀಮಂತರಾದದ್ದು ಭತ್ತದಿಂದ. ಭತ್ತ ಬೆಳೆಯುವುದು ಗೊತ್ತಿದ್ದದ್ದು ಪಶ್ಚಿಮ ಆಫ್ರಿಕಾದ ಸೆನೆಗಾಂಬಿಯಾ, ಸಿಯೆರಾ ಲಿಯೋನ್ ಕಡೆಯವರಿಗೆ. ಅವರನ್ನೇ ಹಿಡಿದು, ಹಡಗಿಗೆ ತುಂಬಿ, ಇಲ್ಲಿ ತಂದು ಮಾರಿದರು. ಅವರು ಭತ್ತ ಕೇರಲು ಹೆಣೆದ ಅಗಲದ ಗೆರಸೆಗಳೇ ಇವತ್ತಿನ ಈ ಬುಟ್ಟಿಗಳ ಹಿರಿಯರು. ದ್ವೀಪಗಳಲ್ಲಿ ಸೊಳ್ಳೆ, ಮಲೇರಿಯಾ ಅಂತ ಬಿಳಿ ಮಾಲೀಕರು ಬೇಸಿಗೆ ಪೂರ್ತಿ ಊರು ಬಿಡುತ್ತಿದ್ದರು. ಉಳಿದವರು ತಮ್ಮತಮ್ಮಲ್ಲೇ ಬದುಕಿದರು. ಹತ್ತಾರು ಆಫ್ರಿಕನ್ ಭಾಷೆಗಳೂ ಇಂಗ್ಲಿಷೂ ಸೇರಿ ಒಂದು ಹೊಸ ಭಾಷೆ ಹುಟ್ಟಿತು. ಆ ಭಾಷೆಗೂ ಆ ಜನಕ್ಕೂ ಗುಲ್ಲಾ ಅಂತ ಹೆಸರು. ಪಕ್ಕದ ಜಾರ್ಜಿಯಾ ರಾಜ್ಯದ ಕಡೆ ಗೀಚಿ ಅನ್ನುತ್ತಾರೆ. ಇದು ಹರಕುಮುರುಕು ಇಂಗ್ಲಿಷ್ ಅಂತ ಓದಿದವರೂ ತಳ್ಳಿಹಾಕಿದ್ದ ಕಾಲ ಇತ್ತು. ಲೊರೆಂಜೊ ಡೌ ಟರ್ನರ್ ಎಂಬ ಭಾಷಾ ವಿದ್ವಾಂಸರು ವರ್ಷಗಟ್ಟಲೆ ದ್ವೀಪಗಳಲ್ಲಿ ತಿರುಗಿ, 1949ರಲ್ಲಿ ಇದರಲ್ಲಿರುವ ಸಾವಿರಾರು ಆಫ್ರಿಕನ್ ಪದಗಳನ್ನೂ ಹೆಸರುಗಳನ್ನೂ ಪುಸ್ತಕ ಮಾಡಿ ತೋರಿಸಿದ ಮೇಲೆ ಆ ಬಾಯಿಗಳು ಮುಚ್ಚಿದವು.

ಶುಕ್ರವಾರ

ಬೆಳಗ್ಗೆ ಚಾರ್ಲ್‌ಸ್ಟನ್ ಬಂದರಿನ ಪಕ್ಕದ ಇಂಟರ್‌ನ್ಯಾಷನಲ್ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂಗೆ ಹೋದೆವು. 2023ರ ಜೂನ್‌ನಲ್ಲಿ ತೆರೆದದ್ದು. ಇದು ನಿಂತಿರುವ ಜಾಗ ಗ್ಯಾಡ್ಸ್‌ಡೆನ್ಸ್ ವಾರ್ಫ್. ಹಡಗುಗಳಿಂದ ಮನುಷ್ಯರನ್ನು ಇಳಿಸುತ್ತಿದ್ದ ಧಕ್ಕೆ ಅದು. ಹಾಗಾಗಿ ಕಟ್ಟಡವನ್ನು ನೆಲಕ್ಕೆ ತಾಗಿಸಿಲ್ಲ. 18 ಕಂಬಗಳ ಮೇಲೆ, ನೆಲದಿಂದ 13 ಅಡಿ ಎತ್ತರದಲ್ಲಿ ಕಟ್ಟಿದ್ದಾರೆ. ಕೆಳಗೆ ಖಾಲಿ. ಆ ಖಾಲಿ ನೆಲದ ಒಂದು ಕಡೆ ಕಲ್ಲುಹಾಸಿನಲ್ಲಿ ಮನುಷ್ಯಾಕಾರಗಳನ್ನು ಕೊರೆದಿದ್ದಾರೆ. ಹಡಗಿನ ತಳದಲ್ಲಿ ಒತ್ತೊತ್ತಾಗಿ ಮಲಗಿಸುತ್ತಿದ್ದರಲ್ಲ, ಹಾಗೆ, ಒಂದರ ಪಕ್ಕ ಒಂದು. ಅದರ ಮೇಲೆ ತೆಳುವಾಗಿ ನೀರು ಬಂದು ತುಂಬುತ್ತದೆ, ಮತ್ತೆ ಇಳಿದು ಹೋಗುತ್ತದೆ. ನೀರು ಇಳಿದಾಗ ಆಕಾರಗಳು ಕಾಣುತ್ತವೆ. ತಮ್ಮ ಮಾತೇ ಆಡಲಿಲ್ಲ. ನಾನೂ ಆಡಲಿಲ್ಲ.

ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳ ನೆನಪು ಅಲ್ಲಿ ಬಂತು. ಅವರ ಹಿರಿಯರೂ ಆಫ್ರಿಕಾದವರೇ. ಅವರನ್ನು ತಂದ ಸಮುದ್ರ ಬೇರೆ, ತಂದವರು ಬೇರೆ. ಆದರೆ ಗೋವಾದ ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಮಕ್ಕಳು ಇವತ್ತಿಗೂ ಡಮಾಮಿ ಬಾರಿಸುತ್ತಾರೆ, ಹರಿದ ಸೀರೆ ತುಂಡು ಜೋಡಿಸಿ ಕೌದಿ ಹೊಲಿಯುತ್ತಾರೆ. ಒಳಗೆ ಗುಲ್ಲಾ ವಿಭಾಗದಲ್ಲಿ ಚಿಂದಿ ಬಟ್ಟೆಯ ಕೌದಿ ಎದುರು ನಿಂತಾಗ ತಮ್ಮನೇ ಮೊದಲು, 'ಅಕ್ಕಾ, ಇದು ಯಲ್ಲಾಪುರದ್ದು ಅಂದರೂ ನಂಬಬಹುದು ಅಲ್ವಾ' ಅಂದ.

ಮಧ್ಯಾಹ್ನ ದಕ್ಷಿಣಕ್ಕೆ ಹೊರಟೆವು. 17ನೇ ನಂಬರಿನ ಹೆದ್ದಾರಿ. ಎರಡೂ ಕಡೆ ಜೌಗು. ನಮ್ಮ ಹಿನ್ನೀರಿನಲ್ಲಿ ಕಾಂಡ್ಲಾ ಗಿಡ ಇರುತ್ತದೆ, ಇಲ್ಲಿ ಬರೀ ಹುಲ್ಲು. ಆಳೆತ್ತರದ ಹುಲ್ಲು, ಕಣ್ಣು ಹೋಗುವವರೆಗೂ. ಅದರ ನಡುವೆ ಹಾವಿನಂತೆ ಹರಿಯುವ ತೊರೆಗಳು. ಇಲ್ಲಿ ಭರತ ಇಳಿತದ ಅಂತರ ಎರಡು ಮೀಟರಿಗೂ ಹೆಚ್ಚು. ಬೆಳಗ್ಗೆ ದೋಣಿ ಹೋಗುವ ಜಾಗದಲ್ಲಿ ಸಂಜೆ ಬರೀ ಕೆಸರು, ಕೆಸರಿನಲ್ಲಿ ಸಿಂಪಿಗಳ ರಾಶಿ.

ಕಂಬೀ ನದಿಯ ಸೇತುವೆಗೆ ಹ್ಯಾರಿಯೆಟ್ ಟಬ್ಮನ್ ಹೆಸರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು, ಆಮೇಲೆ ಬೇರೆಯವರನ್ನೂ ಬಿಡಿಸಿದವರು ಅವರು. ಗುಲಾಮಗಿರಿಯ ವಿಷಯಕ್ಕೆ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. 1863ರ ಜೂನ್ 2ರ ನಸುಕಿನಲ್ಲಿ ಆ ಮಹಾತಾಯಿ ಉತ್ತರದ ಸೇನೆಯ ದೋಣಿಗಳಿಗೆ ದಾರಿ ತೋರಿಸುತ್ತಾ ಈ ನದಿಯಲ್ಲಿ ಬಂದು, ದಡದ ಭತ್ತದ ಗದ್ದೆಗಳಲ್ಲಿ ದುಡಿಯುತ್ತಿದ್ದ 700ಕ್ಕೂ ಹೆಚ್ಚು ಜನರನ್ನು ಬಿಡಿಸಿಕೊಂಡು ಹೋದರು. ಸೇತುವೆ ದಾಟಲು ಒಂದು ನಿಮಿಷವೂ ಬೇಡ. ತಮ್ಮ ಕಾರು ನಿಧಾನ ಮಾಡಿದ. ಹಳೇ ಗದ್ದೆಗಳ ಏರಿಗಳ ಗುರುತು ಹುಲ್ಲಿನ ನಡುವೆ ಇನ್ನೂ ಇದೆ.

ಸಂಜೆ ಬ್ಯೂಫರ್ಟ್. 1711ರಲ್ಲಿ ಕಟ್ಟಿದ ಪುಟ್ಟ ಊರು. ಓಕ್ ಮರಗಳು, ಕೊಂಬೆಗಳಿಂದ ಇಳಿಬಿದ್ದ ಬೂದು ಬಣ್ಣದ ಸ್ಪ್ಯಾನಿಷ್ ಮಾಸ್, ಜಗಲಿ ಇರುವ ದೊಡ್ಡ ಮನೆಗಳು. ಅವುಗಳಲ್ಲಿ ನಾವು ಹುಡುಕಿಕೊಂಡು ಹೋದದ್ದು ಪ್ರಿನ್ಸ್ ಸ್ಟ್ರೀಟಿನ ಒಂದೇ ಮನೆಯನ್ನು. ರಾಬರ್ಟ್ ಸ್ಮಾಲ್ಸ್ 1839ರಲ್ಲಿ ಈ ಮನೆಯ ಹಿತ್ತಲಲ್ಲಿ ಗುಲಾಮರಾಗಿ ಹುಟ್ಟಿದರು. 1862ರ ಮೇ 13ರಂದು ಬೆಳಕು ಹರಿಯುವ ಮೊದಲು ಚಾರ್ಲ್‌ಸ್ಟನ್ ಬಂದರಿನಿಂದ 'ಪ್ಲ್ಯಾಂಟರ್' ಎಂಬ ದಕ್ಷಿಣದ ಸೇನೆಯ ಹಡಗನ್ನೇ ಓಡಿಸಿಕೊಂಡು ಹೋದರು. ಕ್ಯಾಪ್ಟನ್ನನ ಟೋಪಿ ಹಾಕಿಕೊಂಡು, ಒಂದೊಂದು ಕೋಟೆ ದಾಟುವಾಗಲೂ ಸರಿಯಾದ ಸೀಟಿ ಊದುತ್ತಾ, ತಮ್ಮ ಹೆಂಡತಿ ಮಕ್ಕಳನ್ನೂ ಸಂಗಡಿಗರನ್ನೂ ಪಾರು ಮಾಡಿದರು. ಆಮೇಲೆ ಅಮೆರಿಕದ ಸಂಸತ್ತಿಗೆ ಆರಿಸಿ ಹೋದರು. ತಾಯಿ ಜೀತ ಮಾಡಿದ್ದ ಈ ಮನೆಯನ್ನೇ ಖರೀದಿ ಮಾಡಿ, ಇಲ್ಲೇ 1915ರಲ್ಲಿ ತೀರಿಕೊಂಡರು.  ಬೇಲಿಯ ಹೊರಗಿನಿಂದಲೇ ನೋಡಿ ಬಂದೆವು.

ಶನಿವಾರ

ಇವತ್ತು ಸೇಂಟ್ ಹೆಲೆನಾ. ಬ್ಯೂಫರ್ಟ್‌ನಿಂದ ಹೊರಟರೆ ಮೊದಲು ತಿರುಗುವ ಸೇತುವೆ. ದೊಡ್ಡ ದೋಣಿ ಬಂದರೆ ಸೇತುವೆಯ ನಡುಭಾಗ ಪಕ್ಕಕ್ಕೆ ತಿರುಗಿ ದಾರಿ ಬಿಡುತ್ತದೆ. ದಾಟಿದರೆ ಲೇಡೀಸ್ ಐಲೆಂಡ್, ಅದನ್ನೂ ದಾಟಿದರೆ ಸೇಂಟ್ ಹೆಲೆನಾ. 1920ರ ದಶಕದಲ್ಲಿ ಸೇತುವೆ ಆಗುವವರೆಗೆ ಇಲ್ಲಿಗೆ ದೋಣಿಯೇ ಗತಿ. ಡಾಯ್ಲ್ ಅವರ ಬಾಲ್ಯ ಕಳೆದದ್ದು ಆ ಕಾಲದಲ್ಲಿ.

ಮೊದಲು ಪೆನ್ ಸೆಂಟರ್‌ಗೆ ಹೋದೆವು. ಅಂತರ್ಯುದ್ಧದ ಶುರುವಿನಲ್ಲೇ, 1861ರ ನವೆಂಬರ್ 7ರಂದು, ಉತ್ತರದ ನೌಕಾಪಡೆ ಇಲ್ಲಿಗೆ ನುಗ್ಗಿತು. ಬಿಳಿ ಮಾಲೀಕರು ಮನೆ, ಹತ್ತಿ, ಹೊಲ ಎಲ್ಲ ಬಿಟ್ಟು ಓಡಿಹೋದರು. ಹಿಂದೆ ಉಳಿದ ಸಾವಿರಾರು ಜನ ಉಳಿದ ದಕ್ಷಿಣಕ್ಕಿಂತ ವರ್ಷಗಳ ಮೊದಲೇ ಸ್ವತಂತ್ರರಾದರು. ಮರುವರ್ಷವೇ ಲಾರಾ ಟೌನ್, ಎಲೆನ್ ಮರ್ರಿ ಎಂಬ ಇಬ್ಬರು ಹೆಂಗಸರು ಬಂದು ಅವರಿಗಾಗಿ ಶಾಲೆ ತೆರೆದರು. ಫಿಲಡೆಲ್ಫಿಯಾದಿಂದ ಷಾರ್ಲೆಟ್ ಫಾರ್ಟೆನ್ ಎಂಬ ಕಪ್ಪು ಶಿಕ್ಷಕಿಯೂ ಬಂದು ಸೇರಿಕೊಂಡರು. ಅದೇ ಪೆನ್ ಸ್ಕೂಲ್. 1948ರವರೆಗೆ ನಡೆಯಿತು. ಮುಟ್ಟಿದರೆ ಜೈಲು ಎಂಬಂತಿದ್ದ ಪುಸ್ತಕವನ್ನು ಹಗಲು ಹೊತ್ತಿನಲ್ಲೇ ತೆರೆದು ಓದಿದವರು ಇಲ್ಲಿನ ಮೊದಲ ತಂಡದ ಮಕ್ಕಳು. ಅವರ ಜೊತೆ ಅಪ್ಪ ಅಮ್ಮಂದಿರೂ ಕುಳಿತು ಓದಿದ್ದುಂಟು. 1960ರ ದಶಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇಲ್ಲಿಗೆ ಮತ್ತೆ ಮತ್ತೆ ಬರುತ್ತಿದ್ದರು. ಕಪ್ಪು ಬಿಳಿ ಜನ ಒಂದೇ ಕಡೆ ಉಳಿದುಕೊಂಡು ಸಭೆ ಮಾಡಲು ಈ ಸೀಮೆಯಲ್ಲಿ ಬೇರೆ ಜಾಗ ಸಿಗುವುದೇ ಕಷ್ಟ ಇತ್ತು. ಅವರು ತಂಗುತ್ತಿದ್ದ ಗ್ಯಾಂಟ್ ಕಾಟೇಜ್ ಇನ್ನೂ ಇದೆ. ಸಣ್ಣ ಬಿಳಿ ಮನೆ, ಮುಂದೆ ಜಗಲಿ.

ಸ್ಯಾಮ್ ಡಾಯ್ಲ್ ಓದಿದ್ದು ಇದೇ ಶಾಲೆಯಲ್ಲಿ. ಹುಡುಗ ಚೆನ್ನಾಗಿ ಚಿತ್ರ ಬರೆಯುತ್ತಾನೆ ಅಂತ ಶಿಕ್ಷಕರೊಬ್ಬರು ಗಮನಿಸಿ, ನ್ಯೂಯಾರ್ಕಿಗೆ ಹೋಗಿ ಕಲಿ ಅಂತ ಒತ್ತಾಯ ಮಾಡಿದ್ದರಂತೆ. ಅವರು ಹೋಗಲಿಲ್ಲ. ಶಾಲೆ ಅರ್ಧಕ್ಕೇ ನಿಂತಿತು. ಅಂಗಡಿಯಲ್ಲಿ ಗುಮಾಸ್ತಿಕೆ, ಆಮೇಲೆ ಸಗಟು ಮಳಿಗೆಯಲ್ಲಿ ಕೂಲಿ, ಆಮೇಲೆ ಪ್ಯಾರಿಸ್ ಐಲೆಂಡ್ ಎಂಬಲ್ಲಿನ ಸೈನಿಕ ತರಬೇತಿ ಕೇಂದ್ರದ ಲಾಂಡ್ರಿಯಲ್ಲಿ ಕೆಲಸ. ನಡುವೆ ಹೆಂಡತಿ ಮಕ್ಕಳು ನ್ಯೂಯಾರ್ಕಿಗೆ ಹೋದರು. ಆ ಕಾಲದಲ್ಲಿ ದಕ್ಷಿಣದ ಲಕ್ಷಾಂತರ ಕಪ್ಪು ಜನ ಉತ್ತರದ ಊರುಗಳಿಗೆ ಹೋಗಿಬಿಟ್ಟಿದ್ದರು. ಡಾಯ್ಲ್ ಮಾತ್ರ ದ್ವೀಪ ಬಿಡಲಿಲ್ಲ. 1960ರ ದಶಕದ ಕೊನೆಯಲ್ಲಿ ಕೆಲಸದಿಂದ ನಿವೃತ್ತರಾದ ಮೇಲೆ ಪೂರ್ತಿ ಚಿತ್ರಕ್ಕೇ ಕುಳಿತರು.

ಪೆನ್ ಸೆಂಟರ್‌ನಲ್ಲಿರುವ ಮ್ಯೂಸಿಯಂಗೆ ಯಾರ್ಕ್ ಬೇಲಿ ಹೆಸರು ಇಟ್ಟಿದ್ದಾರೆ. ಈ ದ್ವೀಪದ ಮೊದಲ ಕಪ್ಪು ಡಾಕ್ಟರ್ ಅವರು. ಫೀಸಿಗೆ ದುಡ್ಡಿಲ್ಲದವರು ಕೋಳಿ, ತರಕಾರಿ ತಂದುಕೊಡುತ್ತಿದ್ದರು. ಡಾಯ್ಲ್ ಇವರ ಚಿತ್ರವನ್ನು ಬರೆದಿದ್ದಾರೆ. ದ್ವೀಪದ ಮೊದಲ ಕಪ್ಪು ಸೂಲಗಿತ್ತಿಯ ಚಿತ್ರ ಬರೆದಿದ್ದಾರೆ. ಏಡಿ ಮಾರುವವನನ್ನು ಬರೆದಿದ್ದಾರೆ. ಊರಲ್ಲಿ ಯಾವುದರಲ್ಲಾದರೂ ಮೊದಲಿಗರಾದವರು ಅಂದರೆ ಅವರಿಗೆ ಎಲ್ಲಿಲ್ಲದ ಅಭಿಮಾನ. ಪತ್ರಿಕೆಯಲ್ಲಿ ಬಾರದವರು, ಶಿಲ್ಪ ನಿಲ್ಲದವರು, ಅವರ ತಗಡಿನ ಮೇಲೆ ನೇರ ಎದೆಯೊಡ್ಡಿ ನಿಂತರು. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಹೆಸರು. ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್ಸನ್, ಗಾಯಕ ರೇ ಚಾರ್ಲ್ಸ್‌ರಂಥ ದೊಡ್ಡವರನ್ನೂ ಬರೆದರು, ಆದರೆ ಅವರ ಅಂಗಳದಲ್ಲಿ ರೇ ಚಾರ್ಲ್ಸ್‌ಗೂ ಸೂಲಗಿತ್ತಿಗೂ ಒಂದೇ ಅಳತೆಯ ಜಾಗ. ನನಗೆ ಡಾಯ್ಲ್ ಅವರ ಮೇಲೆ ಗೌರವ ಹುಟ್ಟಿದ್ದು ಇದೇ ಕಾರಣಕ್ಕೆ.

ದ್ವೀಪದ ನಾಲ್ಕು ರಸ್ತೆ ಕೂಡುವ ಜಾಗಕ್ಕೆ ಕಾರ್ನರ್ಸ್ ಅಂತ ಹೆಸರು. ಅಲ್ಲೇ ಊಟ ಮಾಡಿದೆವು. ಟೊಮೇಟೊ ಹಾಕಿ ಬೇಯಿಸಿದ ಕೆಂಪು ಅನ್ನ, ಸಿಗಡಿ ಹಾಕಿದ ಬೆಂಡೆಕಾಯಿ ಸೂಪು, ಅಲಸಂದೆ ಕಾಳು. ಬೆಂಡೆಯೂ ಅಲಸಂದೆಯೂ ಆಫ್ರಿಕಾದಿಂದಲೇ ಇಲ್ಲಿಗೆ ಬಂದವು. ಸಿಗಡಿ ಅವತ್ತಿನದೇ. ಬೆಂಡೆಕಾಯಿಯ ಲೋಳೆಯನ್ನು ಇವರು ಬೇಕು ಅಂತಲೇ ಉಳಿಸಿಕೊಳ್ಳುತ್ತಾರೆ, ಸಾರು ದಪ್ಪ ಆಗಲಿ ಅಂತ. ತಮ್ಮ ಎರಡು ಬಟ್ಟಲು ಹಾಕಿಸಿಕೊಂಡ.

ಫ್ರಾಗ್ಮೋರ್ ಅಂತ ಈ ಭಾಗದ ಹಳೇ ಹೆಸರು. ಡಾಯ್ಲ್ ಇದ್ದದ್ದು ಇಲ್ಲೇ ಹತ್ತಿರದ ವಾಲೇಸ್ ಎಂಬ ಕೇರಿಯಲ್ಲಿ. ಕೇರಿಯ ರಸ್ತೆಯಲ್ಲಿ ನಿಧಾನಕ್ಕೆ ಹೋದೆವು. ಹೊಲ, ಓಕ್ ಮರ, ಒಂದೆರಡು ಟ್ರೇಲರ್ ಮನೆ, ಮತ್ತೆ ಹೊಲ. ಅಂಗಳದ ಚಿತ್ರಶಾಲೆಗೆ ಅವರೇ ಬೋರ್ಡು ಬರೆದು ಹಾಕಿದ್ದರು: 'ಸೇಂಟ್ ಹೆಲೆನಾ ಔಟ್ ಡೋರ್ ಆರ್ಟ್ ಗ್ಯಾಲರಿ'. ಈಗ ರಸ್ತೆ ಬದಿಯಲ್ಲಿ ಆ ಚಿತ್ರಗಳು ಯಾವುವೂ ಇಲ್ಲ. ಎಲ್ಲ ಮ್ಯೂಸಿಯಂಗಳಲ್ಲಿ, ದೂರದೂರದ ಸಂಗ್ರಾಹಕರ ಮನೆಗಳಲ್ಲಿ ಇವೆ. 1982ರಲ್ಲಿ ವಾಷಿಂಗ್ಟನ್‌ನ ಕಾರ್ಕೊರನ್ ಗ್ಯಾಲರಿ ಕಪ್ಪು ಜನಪದ ಕಲಾವಿದರ ದೊಡ್ಡ ಪ್ರದರ್ಶನ ಇಟ್ಟಿತು. 20 ಕಲಾವಿದರಲ್ಲಿ ಡಾಯ್ಲ್ ಒಬ್ಬರು. ಅವರು ಖುದ್ದು ಹೋಗಿದ್ದರು, ಅಧ್ಯಕ್ಷರ ಪತ್ನಿ ನ್ಯಾನ್ಸಿ ರೇಗನ್ ಅವರನ್ನು ಭೇಟಿ ಮಾಡಿದರು. ಆಮೇಲೆ ಸಂಗ್ರಾಹಕರು ದ್ವೀಪ ಹುಡುಕಿಕೊಂಡು ಬಂದರು. ನ್ಯೂಯಾರ್ಕಿನ ಹೆಸರಾಂತ ಚಿತ್ರಕಾರ ಜಾನ್ ಮಿಷೆಲ್ ಬಾಸ್ಕಿಯಾ ತಮ್ಮ ಸ್ವಂತ ಚಿತ್ರ ಕೊಟ್ಟು ಡಾಯ್ಲ್ ಚಿತ್ರ ತೆಗೆದುಕೊಂಡರು. ಒಂದು ಚಿತ್ರ ಮಾರಿದರೆ ಡಾಯ್ಲ್ ಅದೇ ವ್ಯಕ್ತಿಯನ್ನು ಇನ್ನೊಂದು ತಗಡಿನ ಮೇಲೆ ಮತ್ತೆ ಬರೆದು ಅಂಗಳದಲ್ಲಿ ನಿಲ್ಲಿಸುತ್ತಿದ್ದರು.

ಯಾಕೆ ಮತ್ತೆ ಬರೆಯುತ್ತಿದ್ದರು ಅಂತ ಕಾರಿನಲ್ಲಿ ನಾವಿಬ್ಬರೂ ತುಂಬಾ ಹೊತ್ತು ಮಾತಾಡಿದೆವು. ನಾವು ಗಂಗೊಳ್ಳಿಯವರು. ಅಪ್ಪ ದೋಣಿಗಳಿಗೆ ಹೆಸರು ಬರೆಯುತ್ತಿದ್ದರು. ಉಪ್ಪುಗಾಳಿಗೆ ಎನಾಮೆಲ್ ಪೇಂಟು ಹೇಗೆ ಹೊಟ್ಟು ಏಳುತ್ತದೆ, ತುಕ್ಕು ಮೊಳೆಯ ತೂತಿನಿಂದ ಶುರುವಾಗಿ ಹೇಗೆ ಹಬ್ಬುತ್ತದೆ ಅಂತ ಮನೆಯಲ್ಲೇ ನೋಡಿ ಬೆಳೆದವರು. ಕಡಲ ಬದಿಯಲ್ಲಿ ತಗಡಿನ ಮೇಲೆ ಬರೆದದ್ದು ಯಾವತ್ತೂ ಶಾಶ್ವತ ಅಲ್ಲ. ಬರೆಯುವವನಿಗೆ ಅದು ಗೊತ್ತಿರುತ್ತದೆ. ಡಾಯ್ಲ್ ಅವರಿಗೆ ಮುಖ್ಯ ಆಗಿದ್ದದ್ದು ಆ ಒಂದು ತಗಡು ಅಲ್ಲ, ಸೂಲಗಿತ್ತಿ ರಸ್ತೆಗೆ ಕಾಣುತ್ತಾ ನಿಂತಿರಬೇಕು ಎಂಬುದು ಅಂತ ನನಗೆ ಅನಿಸುತ್ತದೆ. ತಮ್ಮ ಒಪ್ಪಲಿಲ್ಲ. ದುಡ್ಡೂ ಬೇಕಾಗಿತ್ತು ಅಕ್ಕ, ಕೊಳ್ಳುವವರು ಅದನ್ನೇ ಕೇಳುತ್ತಿದ್ದರು, ಅಂದ. ಅದೂ ಇರಬಹುದು.

ಇನ್ನು ಡಾಕ್ಟರ್ ಬಝರ್ಡ್. ಬಝರ್ಡ್ ಅಂದರೆ ರಣಹದ್ದು. ನಿಜವಾದ ಹೆಸರು ಸ್ಟೆಫನಿ ರಾಬಿನ್ಸನ್. ಡಾಯ್ಲ್ ಮತ್ತೆ ಮತ್ತೆ ಬರೆದ ಮನುಷ್ಯ. ಬೇರು, ಪುಡಿ, ಮಂತ್ರ ಇಟ್ಟುಕೊಂಡು ಔಷಧ ಮಾಡುತ್ತಿದ್ದ ಗಂಡಸು. ಯಾವಾಗಲೂ ಬಣ್ಣದ ಕನ್ನಡಕ. ಕೋರ್ಟಿನಲ್ಲಿ ಕೇಸು ಇದ್ದವರು ಇವನನ್ನು ಕರೆದುಕೊಂಡು ಹೋಗುತ್ತಿದ್ದರಂತೆ. ಅವನು ಸುಮ್ನೆ ಕುಳಿತು ಬೇರು ಜಗಿಯುವುದು, ಎದುರು ಪಕ್ಷದ ಸಾಕ್ಷಿಯ ಬಾಯಿ ಕಟ್ಟುವುದು. ಬ್ಯೂಫರ್ಟ್‌ನ ಬಿಳಿ ಶೆರಿಫ್ ಮೆಕ್‌ಟೀರ್ ಇವನನ್ನು ಹಿಡಿಯಲು ವರ್ಷಗಟ್ಟಲೆ ಓಡಾಡಿ, ಕೊನೆಗೆ ತಾನೇ ಬೇರಿನ ವಿದ್ಯೆ ಕಲಿತುಬಿಟ್ಟ! ಬಝರ್ಡ್ 1947ರಲ್ಲಿ ಸತ್ತ. ಡಾಯ್ಲ್ ಬರೆದ ಒಂದು ಚಿತ್ರದಲ್ಲಿ ಅವನು ಶಂಖವನ್ನು ಟೆಲಿಫೋನಿನ ಹಾಗೆ ಕಿವಿಗೆ ಹಿಡಿದಿದ್ದಾನೆ. ಆಚೆ ಲೋಕದ ಜೊತೆ ಮಾತಾಡಲು ಕಡಲ ದಂಡೆಯವನಿಗೆ ಇದಕ್ಕಿಂತ ಒಳ್ಳೆ ಸಾಧನ ಇನ್ನೇನಿದೆ?

ರಾತ್ರಿ ಎದೆ ಮೇಲೆ ಕೂರುವ ಹ್ಯಾಗ್ ಎಂಬ ದೆವ್ವವನ್ನೂ ಅವರು ಬರೆದಿದ್ದಾರೆ. ದೆವ್ವ ಬಾರದಿರಲಿ ಅಂತ ಇಲ್ಲಿ ಕಿಟಕಿ ಬಾಗಿಲಿನ ಚೌಕಟ್ಟಿಗೂ ಜಗಲಿಯ ಮಾಡಿಗೂ ತಿಳಿನೀಲಿ ಬಳಿಯುತ್ತಾರೆ. ದಾರಿಯಲ್ಲಿ ಅಂಥ ಮನೆ ಕಂಡಿತು. ಗೋಡೆಯ ಬಿಳಿ ಬಣ್ಣ ಪೂರ್ತಿ ಹೋಗಿತ್ತು, ಆದರೆ ಕಿಟಕಿಯ ನೀಲಿಗೆ ಈಚೆಗೆ ಹೊಸ ಕೈ ಬಿದ್ದಿತ್ತು.

ಇನ್ನೊಂದು ಚಿತ್ರ ಹೇಳಲೇಬೇಕು. ಅಬ್ರಹಾಂ ಲಿಂಕನ್ ಫ್ರಾಗ್ಮೋರ್‌ಗೆ ಬಂದು ಓಕ್ ಮರದ ಕೆಳಗೆ ಜನರಿಗೆ ಬಿಡುಗಡೆಯ ಮಾತು ಹೇಳಿದರು ಅಂತ ದ್ವೀಪದಲ್ಲಿ ಹಿರಿಯರು ಹೇಳುತ್ತಿದ್ದರು. ಡಾಯ್ಲ್ ಅದನ್ನೂ ಬರೆದರು. ಲಿಂಕನ್ ಇಲ್ಲಿಗೆ ಬಂದೇ ಇರಲಿಲ್ಲ. ಬಿಡುಗಡೆಯ ಘೋಷಣೆಯನ್ನು 1863ರ ಜನವರಿ 1ರಂದು ಪೋರ್ಟ್ ರಾಯಲ್‌ನ ಓಕ್ ಮರಗಳ ಕೆಳಗೆ ಸಾವಿರಾರು ಜನರಿಗೆ ಓದಿ ಹೇಳಿದ್ದಂತೂ ನಿಜ. ಮಾತು ಬಂತು, ಮಾತಿನ ಹಿಂದೆ ಮನುಷ್ಯನೂ ಬಂದಿರಬೇಕು ಅಂತ ಜನ ಅಂದುಕೊಂಡರು. ಊರಿನ ನೆನಪಿನಲ್ಲಿ ಹೇಗಿತ್ತೋ ಹಾಗೇ ಬರೆಯುವುದು ಡಾಯ್ಲ್ ಅವರ ಕೆಲಸ ಆಗಿತ್ತು. ಅದನ್ನು ಅವರು ಶ್ರದ್ಧೆಯಿಂದ ಮಾಡಿದರು.

ಭಾನುವಾರ

ಬೆಳಗ್ಗೆ ಬ್ರಿಕ್ ಬ್ಯಾಪ್ಟಿಸ್ಟ್ ಚರ್ಚಿನ ಕಡೆ ಹೋದೆವು. 1855ರಲ್ಲಿ ಗುಲಾಮರ ಕೈಯಲ್ಲಿ ಇಟ್ಟಿಗೆ ಇಡಿಸಿ ಕಟ್ಟಿಸಿದ್ದು. ಕಟ್ಟಿದವರಿಗೆ ಕೂರಲು ಮೇಲಿನ ಅಟ್ಟ ಮಾತ್ರ. 1861ರಲ್ಲಿ ಬಿಳಿಯರು ಓಡಿಹೋದ ಮೇಲೆ ಅವರೇ ಕೆಳಗಿಳಿದು ಬಂದು ಕುಳಿತರು. ಇವತ್ತಿಗೂ ಅವರ ಮೊಮ್ಮಕ್ಕಳ ಮೊಮ್ಮಕ್ಕಳದೇ ಚರ್ಚು. ಹಾಡು ಅಂಗಳದವರೆಗೆ ಕೇಳುತ್ತಿತ್ತು, ಚಪ್ಪಾಳೆ ಸಮೇತ.

ತೋಟಗಳ ನಡುವೆ ಪ್ರೇಯ್ಸ್ ಹೌಸ್ ಅಂತ ಇನ್ನೂ ಸಣ್ಣ ಪ್ರಾರ್ಥನಾ ಮನೆಗಳಿದ್ದವು. ಈಗ ದ್ವೀಪದಲ್ಲಿ ಉಳಿದಿರುವುದು ಮೂರು. ಮೇರಿ ಜೆಂಕಿನ್ಸ್ ಪ್ರೇಯ್ಸ್ ಹೌಸ್ ನೋಡಿದೆವು. ನಮ್ಮೂರಿನ ಬಸ್ ಸ್ಟ್ಯಾಂಡಿಗಿಂತ ದೊಡ್ಡದಿಲ್ಲ. ಹಲಗೆ ಗೋಡೆ, ಹಲಗೆ ನೆಲ. ಇದರೊಳಗೆ ಜನ ಸುತ್ತಲೂ ಸಾಲಾಗಿ, ಕಾಲು ನೆಲಕ್ಕೆ ಉಜ್ಜುತ್ತಾ, ಚಪ್ಪಾಳೆ ತಟ್ಟುತ್ತಾ ವೃತ್ತಾಕಾರದಲ್ಲಿ ಸಾಗುತ್ತಿದ್ದರು. ರಿಂಗ್ ಶೌಟ್ ಅನ್ನುತ್ತಾರೆ. ಡ್ರಮ್ ಬಾರಿಸಲು ಬಿಡುತ್ತಿರಲಿಲ್ಲವಲ್ಲ, ಹಾಗಾಗಿ ಹಲಗೆ ನೆಲವೇ ಡ್ರಮ್.

ಮಧ್ಯಾಹ್ನ ಹಂಟಿಂಗ್ ಐಲೆಂಡ್. 1875ರ ದೀಪಸ್ತಂಭ ಇದೆ. ಕಬ್ಬಿಣದ ಹಲಗೆಗಳನ್ನು ಜೋಡಿಸಿ ಕಟ್ಟಿದ್ದರಿಂದ, ಕಡಲು ಕೊರೆಯುತ್ತಾ ಹತ್ತಿರ ಬಂದಾಗ 1889ರಲ್ಲಿ ಪೂರ್ತಿ ಬಿಚ್ಚಿ ಹಿಂದಕ್ಕೆ ಒಯ್ದು ನಿಲ್ಲಿಸಿದರು. ಕಡಲಕೊರೆತ ಈಗಲೂ ನಿಂತಿಲ್ಲ. ದಂಡೆಯಲ್ಲಿ ಬುಡ ಸಮೇತ ಕಿತ್ತು ಬಿದ್ದ ಮರಗಳು, ಉಪ್ಪು ಹಿಡಿದು ಬೆಳ್ಳಗಾಗಿವೆ.

ದಾರಿಯಲ್ಲಿ ಧಕ್ಕೆಯ ಹತ್ತಿರ ಸಿಗಡಿ ಹಿಡಿಯುವ ಟ್ರಾಲ್ ಬೋಟುಗಳು ನಿಂತಿದ್ದವು. ತೊರೆಯ ಬದಿಯಲ್ಲಿ ಒಬ್ಬರು ಬೀಸುಬಲೆ ಎಸೆಯುತ್ತಿದ್ದರು. ಬಲೆಯ ಒಂದು ಅಂಚನ್ನು ಹಲ್ಲಲ್ಲಿ ಕಚ್ಚಿ, ಮೈ ಪೂರ್ತಿ ತಿರುಗಿಸಿ ಬಿಟ್ಟರೆ ಬಲೆ ಗುಂಡಗೆ ಅರಳಿ ನೀರಿಗೆ ಬೀಳುತ್ತದೆ. ತಮ್ಮನಿಗೆ ತಡೆಯಲಾಗಲಿಲ್ಲ. ಹೋಗಿ ಮಾತಾಡಿಸಿದ. ನಮ್ಮ ಅಜ್ಜನೂ ಹೀಗೇ ಹಲ್ಲಲ್ಲಿ ಕಚ್ಚಿ ಎಸೆಯುತ್ತಿದ್ದರು ಅಂದ. ಅವರು ನಕ್ಕು ಬಲೆಯನ್ನು ಇವನ ಕೈಗೇ ಕೊಟ್ಟರು. ಇಲ್ಲಿ ಹಿಂದೆ ಗಂಡಸರು ರಾತ್ರಿ ಕುಳಿತು ಬಲೆಯನ್ನು ಕೈಯಲ್ಲೇ ಹೆಣೆಯುತ್ತಿದ್ದರು. ಈಗ ನೈಲಾನಿನದು ಅಂಗಡಿಯಲ್ಲಿ ಸಿಗುತ್ತದೆ, ಹೆಣೆಯಬಲ್ಲವರು ಬೆರಳೆಣಿಕೆಯಷ್ಟು ಅಂತ ಅವರು ಹೇಳಿದರು.

ಸೋಮವಾರ

ಹಿಂದಿರುಗುವ ದಾರಿಯಲ್ಲಿ ಹಿಲ್ಟನ್ ಹೆಡ್ ದ್ವೀಪ. ಅದೇ ಸಮುದ್ರ, ಅದೇ ಜೌಗು, ಅದೇ ಗುಲ್ಲಾ ಜನರ ನೆಲ. 1956ರಲ್ಲಿ ಸೇತುವೆ ಬಂತು. ಆಮೇಲೆ ರೆಸಾರ್ಟು, ಗಾಲ್ಫ್ ಕೋರ್ಸು, ಗೇಟು ಹಾಕಿದ ಬಡಾವಣೆಗಳು. ಜಮೀನಿನ ಬೆಲೆ ಏರಿತು, ತೆರಿಗೆ ಏರಿತು. ಇಲ್ಲಿ ಎಷ್ಟೋ ಜಮೀನು ಮೊದಲು ಕೊಂಡ ಅಜ್ಜನ ಹೆಸರಿನಲ್ಲೇ ಇದೆ. ಉಯಿಲು ಬರೆಯದೆ ಅವರು ತೀರಿಕೊಂಡರೆ ಮಕ್ಕಳು ಮೊಮ್ಮಕ್ಕಳು ಎಲ್ಲರೂ ಪಾಲುದಾರರು. ಎಲ್ಲೋ ದೂರದ ಊರಿನಲ್ಲಿರುವ ಒಬ್ಬ ಪಾಲುದಾರನಿಂದ ಅವನ ಪಾಲು ಕೊಂಡರೆ ಸಾಕು, ಕೊಂಡವನು ಕೋರ್ಟಿಗೆ ಹೋಗಿ ಪೂರ್ತಿ ಜಮೀನನ್ನೇ ಹರಾಜಿಗೆ ತರಬಹುದಾಗಿತ್ತು. ಹಾಗೆ ಕೈತಪ್ಪಿದ ನೆಲ ಎಷ್ಟೋ. ಅವಿಭಕ್ತ ಆಸ್ತಿಯ ಜಗಳ ಗೊತ್ತಿರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿನ ಗುಲ್ಲಾ ಸ್ಮಶಾನಗಳು ಕೆಲವು ಈಗ ಗೇಟಿನ ಒಳಗೆ ಸೇರಿ ಹೋಗಿವೆ. ತಮ್ಮ ಹಿರಿಯರ ಸಮಾಧಿಗೆ ಹೂ ಇಡಲು ಆ ಮನೆಯವರು ಗೇಟಿನಲ್ಲಿ ಪಾಸು ತೆಗೆದುಕೊಳ್ಳಬೇಕು. ನನಗೆ ಇದನ್ನು ಕೇಳಿ ಸಿಟ್ಟು ಬಂತು. ಈಗ ಬರೆಯುವಾಗಲೂ ಬರುತ್ತಿದೆ.

ಸೇಂಟ್ ಹೆಲೆನಾದವರು ಇದನ್ನೆಲ್ಲ ಕಣ್ಣಾರೆ ಕಂಡಿದ್ದರು. 1999ರಲ್ಲಿ ತಮ್ಮ ದ್ವೀಪಕ್ಕೆ ಒಂದು ವಿಶೇಷ ನಿಯಮ ಮಾಡಿಸಿಕೊಂಡರು. ಗೇಟು ಹಾಕಿದ ಬಡಾವಣೆ ಬೇಡ, ರೆಸಾರ್ಟ್ ಬೇಡ, ಗಾಲ್ಫ್ ಕೋರ್ಸ್ ಬೇಡ. 2023ರಲ್ಲಿ ಪೈನ್ ಐಲೆಂಡ್ ಎಂಬ ಜಾಗದಲ್ಲಿ ಗಾಲ್ಫ್ ಕೋರ್ಸಿಗೆ ಅವಕಾಶ ಕೇಳಿದಾಗ, ಜನ ಗುಂಪುಗುಂಪಾಗಿ ಕೌಂಟಿ ಕೌನ್ಸಿಲ್ ಸಭೆಗೆ ಬಂದು ಮಾತಾಡಿದರು. ಕೌನ್ಸಿಲ್ ನಿಯಮವನ್ನು ಸಡಿಲಿಸಲಿಲ್ಲ, ಇನ್ನೂ ಬಿಗಿ ಮಾಡಿತು. ಶನಿವಾರ ನಾವು ನೋಡಿದ ಹೊಲ, ಟ್ರೇಲರ್ ಮನೆ, ನೀಲಿ ಕಿಟಕಿ ಇನ್ನೂ ಅಲ್ಲಿ ಇರುವುದು ಈ ಹೋರಾಟದಿಂದ. ಡಾಯ್ಲ್ ಅವರ ಚಿತ್ರಗಳು ಹೋಗಿರಬಹುದು, ಅವರು ಬರೆದ ಜನರ ಮೊಮ್ಮಕ್ಕಳು ಅದೇ ನೆಲದಲ್ಲಿ ಇದ್ದಾರೆ. ಎರಡರಲ್ಲಿ ಒಂದನ್ನೇ ಉಳಿಸಿಕೊಳ್ಳಬಹುದು ಅಂದಿದ್ದರೆ ಡಾಯ್ಲ್ ಕೂಡ ಜನರನ್ನೇ ಆರಿಸುತ್ತಿದ್ದರು ಅಂತ ನಾನು ನಂಬುತ್ತೇನೆ.

ಸವಾನಾದಲ್ಲಿ ಕಾಫಿಗೆ ನಿಂತದ್ದು ಬಿಟ್ಟರೆ ಸೀದಾ ಮನೆ.

ಮಂಗಳವಾರ

ತಮ್ಮ ಇನ್ನೊಂದು ದಿನ ರಜೆ ಹಾಕಿ ಅಟ್ಲಾಂಟಾದ ಹೈ ಮ್ಯೂಸಿಯಂಗೆ ಕರೆದುಕೊಂಡು ಹೋದ. ಸ್ವಂತವಾಗಿ ಕಲಿತ ಕಲಾವಿದರಿಗಾಗಿಯೇ 1994ರಿಂದ ಒಂದು ವಿಭಾಗ ಇಟ್ಟುಕೊಂಡಿರುವ ಮ್ಯೂಸಿಯಂ ಇದು. ಡಾಯ್ಲ್ ಅವರ ಒಳ್ಳೆಯ ಸಂಗ್ರಹ ಇವರಲ್ಲಿದೆ.

ಬಿಳಿ ಗೋಡೆ, ಮೆಲ್ಲಗಿನ ದೀಪ, ತಗಡು. ಪುಸ್ತಕದಲ್ಲಿ ಕಾಣದ್ದು ಹತ್ತಿರ ನಿಂತಾಗ ಕಂಡಿತು. ತಗಡಿನ ಏರು ತಗ್ಗಿನ ಮೇಲೆ ಬ್ರಷ್ ಎಳೆದಾಗ ಏರಿನಲ್ಲಿ ಪೇಂಟು ತೆಳು, ತಗ್ಗಿನಲ್ಲಿ ದಪ್ಪ. ಮಾಡಿಗೆ ಹೊಡೆದಿದ್ದ ಮೊಳೆಯ ತೂತುಗಳು ಹಾಗೇ ಇವೆ, ಸುತ್ತ ಕಂದು ಉಂಗುರ. ಅಕ್ಷರಗಳು ಎಡದಿಂದ ದೊಡ್ಡದಾಗಿ ಶುರುವಾಗಿ, ಜಾಗ ಸಾಲದೆ ಬಲಕ್ಕೆ ಬರುವಾಗ ಚಿಕ್ಕದಾಗುತ್ತಾ ಹೋಗುತ್ತವೆ. ತಮ್ಮ ಕೈ ಹಿಂದೆ ಕಟ್ಟಿಕೊಂಡು ಮೂಗು ತಾಗುವಷ್ಟು ಬಗ್ಗಿ, ಪ್ರೈಮರ್ ಹೊಡೆದಿದ್ದಾರೋ ಇಲ್ಲವೋ ಅಂತ ಅಂಚಿನಲ್ಲಿ ಹುಡುಕುತ್ತಿದ್ದ. ಕಾವಲಿನವರು ಬಂದು ಒಂದು ಹೆಜ್ಜೆ ಹಿಂದೆ ನಿಲ್ಲಿ ಅಂದರು.

ಪೆನ್ ಸೆಂಟರ್‌ನಲ್ಲಿ ಪ್ರತಿ ನವೆಂಬರ್‌ನಲ್ಲಿ ಹೆರಿಟೇಜ್ ಡೇಸ್ ಅಂತ ಹಬ್ಬ ನಡೆಯುತ್ತದೆ. ಮೆರವಣಿಗೆ, ಹಾಡು, ಮೀನೂಟ, ಈಗಿನ ಗುಲ್ಲಾ ಚಿತ್ರಕಾರರ ಮಾರಾಟ ಎಲ್ಲ ಇರುತ್ತದೆ. ಅಟ್ಲಾಂಟಾ, ಷಾರ್ಲಟ್ ಕಡೆ ಇರುವ ಕನ್ನಡದವರಿಗೆ ಒಂದು ವಾರಾಂತ್ಯದ ದಾರಿ ಅಷ್ಟೇ. ಬ್ಯೂಫರ್ಟ್‌ನಲ್ಲಿ ರೂಮು ಬೇಗ ತುಂಬಿಹೋಗುತ್ತದೆ, ಮೊದಲೇ ಹಿಡಿದಿಡಿ. ಚಿತ್ರ ಕೊಳ್ಳುವ ಮನಸ್ಸಿದ್ದರೆ ಬರೆದವರ ಕೈಯಿಂದಲೇ ಕೊಳ್ಳಿ. ತಮ್ಮ ಆಗಲೇ ನವೆಂಬರ್ ರಜೆಯ ಬಗ್ಗೆ ಆಫೀಸಿನಲ್ಲಿ ಕೇಳಿದ್ದಾನೆ.